ಗಾಳಿ ಎತ್ತಿಕೊಂಡು ಹೋದ ಕೂಗು

ಕಾಗೆಗಳ ವಿಷಯವನ್ನು ನನಗೆ ಮೊದಲು ಹೇಳಿದವರು ಯಾರು ಎಂಬುದು ಈಗ ಖಚಿತವಿಲ್ಲ. ಕೆಂಪಮ್ಮ ಹೇಳಿದರು ಎಂದು ನನ್ನ ನೆನಪು. ನಂಜನಗೂಡಿನ ಆಸ್ಪತ್ರೆಯಲ್ಲಿ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದವರು, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು. ಆ ಗೋಡೆಯ ಹಸಿರು ಬಣ್ಣವೂ ಕಣ್ಣಮುಂದಿದೆ. ಆದರೆ ಅಂದು ಜೊತೆಯಲ್ಲೇ ಇದ್ದ ನಮ್ಮ ಜೀಪಿನ ಡ್ರೈವರ್ ನಾಗರಾಜು, ಆಯಮ್ಮ ಆಸ್ಪತ್ರೆಯಲ್ಲಿ ಕಾಗೆಯ ಮಾತೇ ಎತ್ತಲಿಲ್ಲ ಎನ್ನುತ್ತಾನೆ. ಗೋಡೆ ಹಳದಿ ಇತ್ತು ಎಂದೂ ಸೇರಿಸುತ್ತಾನೆ. ಗೋಡೆಯ ವಿಷಯದಲ್ಲಿ ನಾನು ತಪ್ಪಿದ್ದರೆ ಕಾಗೆಯ ವಿಷಯದಲ್ಲಿ ಸರಿ ಇದ್ದೇನೆ ಎಂದು ಯಾವ ಧೈರ್ಯದಿಂದ ಹೇಳಲಿ?

ಇಲಾಖೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ನಾನು ವಿಶ್ವವಿದ್ಯಾನಿಲಯದಲ್ಲಿ ಭೂವಿಜ್ಞಾನ ಓದಿದವನು. ಕಲ್ಲು ಓದುವ ಕೆಲಸ ಸಿಗುತ್ತದೆ ಎಂದು ಬಂದೆ. ಸಿಕ್ಕಿದ್ದು ಕಲ್ಲುಗಣಿಗಳ ತಪಾಸಣೆ, ಹೊಳೆಯ ಮರಳು ಕಾಯುವುದು, ಅಪಘಾತವಾದಾಗ ಹೋಗಿ ವರದಿ ಬರೆಯುವುದು. ಕಲ್ಲು ಸುಳ್ಳು ಹೇಳುವುದಿಲ್ಲ, ಜನ ಹೇಳುತ್ತಾರೆ ಎಂಬ ನಂಬಿಕೆಯಿಂದ ಸುರು ಮಾಡಿದೆ. ಇಬ್ಬರು ಒಬ್ಬರಿಗೊಬ್ಬರು ತದ್ವಿರುದ್ಧವಾಗಿ ಹೇಳುತ್ತಿದ್ದು, ಇಬ್ಬರೂ ನಿಜವನ್ನೇ ಹೇಳುತ್ತಿರುವ ಸಂದರ್ಭ ಬರಬಹುದೆಂದು ಯಾರೂ ಕಲಿಸಿರಲಿಲ್ಲ.

ಮೊದಲು ತಿರುಮಕೂಡಲಿನ ಹೊಳೆಯ ಪ್ರಸಂಗ ಹೇಳಬೇಕು. ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಟಿ. ನರಸೀಪುರದ ಆಚೆ ದಡದಲ್ಲಿ ಬೆಳಗಿನ ಜಾವ ಕಳ್ಳತನದಲ್ಲಿ ಮರಳು ತುಂಬುತ್ತಾರೆಂದು ದೂರು ಬಂದಿತ್ತು. ಧನುರ್ಮಾಸದ ಚಳಿ. ಹೊಳೆಯ ಮೇಲೆ ಮಂಜು ಹಾಸಿಕೊಂಡಿತ್ತು. ನಾವು ಐದಾರು ಜನ ಈಚೆ ದಡದ ಪೊದೆಗಳ ಮರೆಯಲ್ಲಿ ಕೂತಿದ್ದೆವು. ನಮ್ಮ ಸಾಹೇಬರು ಪಿಸುಮಾತಿನಲ್ಲಿ ಹೇಳಿದರು: "ನೀವು ಮೂರು ಜನ ಸೇತುವೆ ದಾಟಿ ಬನ್ನಿ. ನಾವು ಹರಿಗೋಲಲ್ಲಿ ಹೋಗ್ತೀವಿ."

"ಸೇತ್ವೆ ಕಡೆಯಿಂದ ಬರ್ಬ್ಯಾಡಿ ಸಾ. ಅಲ್ಲಿ ಕೆಸ್ರದೆ, ಬೂಟು ಕೆಡ್ತವೆ."

ಆ ದನಿ ನನ್ನ ಹೆಗಲ ಹಿಂದಿನಿಂದ ಬಂತು. ತಿರುಗಿ ನೋಡಿದೆ. ಮಂಜು, ಲಂಟಾನ ಪೊದೆ, ಅಷ್ಟೆ. ನಾಗರಾಜು ನನ್ನ ತೋಳು ಹಿಡಿದುಕೊಂಡಿದ್ದ. ಆಮೇಲೆ ಇನ್ನೊಂದು ದನಿ, ಅದೇ ಹತ್ತಿರದಿಂದ, ಯಾರೋ ಪಕ್ಕದಲ್ಲೇ ಬೀಡಿ ಹಚ್ಚುತ್ತಾ ಹೇಳುವ ಹಾಗೆ: "ನಿಧಾನುಕ್ಕೆ ಬನ್ನಿ ಸಾ, ಕಾಫಿ ಗೀಫಿ ಕುಡ್ಕಂಡು. ನಾವು ಒಂಟ್ವಿ." ಕಡ್ಡಿ ಗೀರಿದ ಸದ್ದು ಕೂಡ ಕೇಳಿಸಿತು.

"ಒಳೆ ಒಳಗಿಂದ ದೆವ್ವಗೋಳು ಮಾತಾಡ್ತಾವೆ ಸಾ," ಎಂದ ನಾಗರಾಜು. ತಮಾಷೆಗೆ ಹೇಳಲಿಲ್ಲ.

ಆಚೆ ದಡ ಮುಟ್ಟಿದಾಗ ಗಾಡಿಯ ಚಕ್ರದ ಗುರುತುಗಳಲ್ಲಿ ನೀರು ಜಿನುಗುತ್ತಿತ್ತು. ಮರಳಿನವರು ಕೂತಿದ್ದ ಜಾಗಕ್ಕೂ ನಾವು ಕೂತಿದ್ದ ಜಾಗಕ್ಕೂ ನಡುವೆ ಇಡೀ ಹೊಳೆ. ಹಗಲಲ್ಲಿ ಅಲ್ಲಿಂದ ಕಿರುಚಿದರೂ ಈಚೆಗೆ ಮಾತು ಸ್ಪಷ್ಟವಾಗುವುದಿಲ್ಲ.

ದೆವ್ವಗಳಿಗೆ ನನ್ನ ತಲೆಯಲ್ಲಿ ಜಾಗ ಇರಲಿಲ್ಲ. ಆ ವಾರವೇ ಹಳೆಯ ಭೌತಶಾಸ್ತ್ರದ ಪಠ್ಯ ತೆಗೆದೆ. ಶಬ್ದ ತಣ್ಣನೆಯ ಗಾಳಿಯಲ್ಲಿ ನಿಧಾನ, ಬಿಸಿ ಗಾಳಿಯಲ್ಲಿ ಬಿರುಸು. ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು ಅರವತ್ತು ಸೆಂಟಿಮೀಟರ್ ವ್ಯತ್ಯಾಸ. ಸೆಕೆಂಡಿಗೆ ಮುನ್ನೂರೈವತ್ತು ಮೀಟರಿನಷ್ಟು ಓಡುವುದಕ್ಕೆ ಅದು ಲೆಕ್ಕಕ್ಕೇ ಇಲ್ಲ ಎಂದು ಓದುವಾಗ ಅನ್ನಿಸಿತ್ತು. ಆದರೆ ಜೋಡೆತ್ತಿನ ಗಾಡಿ ನೋಡಿ. ಬಲಗಡೆಯ ಎತ್ತು ಒಂದಿಷ್ಟು ಬಿರುಸಾಗಿ, ಎಡಗಡೆಯದು ಒಂದಿಷ್ಟು ನಿಧಾನವಾಗಿ ನಡೆದರೆ ಗಾಡಿ ಎಡಕ್ಕೆ ತಿರುಗುತ್ತಾ ಹೋಗುತ್ತದೆ. ಶಬ್ದವೂ ಹಾಗೆಯೇ, ನಿಧಾನವಿರುವ ಕಡೆಗೆ, ಎಂದರೆ ತಂಪಿನ ಕಡೆಗೆ ವಾಲುತ್ತದೆ. ಬೆಳಗಿನ ಜಾವ ಹೊಳೆಯ ಮೇಲಿನ ಗಾಳಿ ತಣ್ಣಗೆ, ಅದರ ಮೇಲಿನದು ಸ್ವಲ್ಪ ಬೆಚ್ಚಗೆ. ಮೇಲಕ್ಕೆ ಹೋಗಬೇಕಾದ ಮಾತು ಬಾಗಿ ಮತ್ತೆ ನೀರಿಗೇ ಇಳಿದು, ಜಾರಿ, ನಮ್ಮ ಕಿವಿಗೆ ಬಂದಿತ್ತು. ನಮ್ಮ ಪಿಸುಮಾತು ಅವರ ಕಿವಿಗೆ ಹೋಗಿತ್ತು.

ಅರ್ಥವಾಯಿತು ಎಂದುಕೊಂಡೆ. ಆದರೂ ಆ ದನಿ ಹೆಗಲ ಹಿಂದೆ ಏಕೆ ಬಂತೆಂದು ಪುಸ್ತಕದಲ್ಲಿರಲಿಲ್ಲ. ಬಹುಶಃ ಅದು ನನ್ನ ಹೆದರಿಕೆಯ ಕೆಲಸ.

ಕವಲಂದೆ ಕಡೆಯ ಕಲ್ಲುಗಣಿಯ ಅಪಘಾತ ಆದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಯುಗಾದಿ ಕಳೆದು ಬಿಸಿಲು ಏರಿದ ಸಮಯ. ಆ ಗಣಿಯಲ್ಲಿ ಮದ್ದು ಸಿಡಿಸುತ್ತಿದ್ದದ್ದು ನಡುಮಧ್ಯಾಹ್ನ, ಕೆಲಸದವರೆಲ್ಲ ಊಟಕ್ಕೆ ಹೋದಾಗ. ಆ ಹೊತ್ತಿಗೆ ಗಣಿ ಖಾಲಿ, ಹೊಲ ಖಾಲಿ ಎಂಬುದು ಲೆಕ್ಕ. ಸುತ್ತಲಿನ ಎಲ್ಲ ಗಣಿಗಳಲ್ಲೂ ಅದೇ ಪದ್ಧತಿ. ಕೈಯಲ್ಲಿ ತಿರುಗಿಸುವ ಸೈರನ್ ಒಂದನ್ನು ನೆಲದ ಮೇಲೆ ಮಡಗಿಕೊಂಡು ಮೂರು ಸಲ ಕೂಗಿಸಿ, ಆಮೇಲೆ ಬತ್ತಿಗೆ ಬೆಂಕಿ ಕೊಡಬೇಕು.

ಮದ್ದು ಹಾಕುವ ಪರವಾನಗಿ ಇದ್ದವನು ಮಾದೇವ. ಗಣಿಯಿಂದ ಆಚೆಗೆ ಮುನ್ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಹಾಸುಬಂಡೆ, ಅದರ ಕೊನೆಗೆ ಒಂದು ದೊಡ್ಡ ಹುಣಸೆಮರ. ಅಂದು ಆ ಮರದ ಕೆಳಗೆ ಆಡು ಬಿಟ್ಟುಕೊಂಡು ಕೂತಿದ್ದವರು ಕೆಂಪಮ್ಮ. ಹಾರಿ ಬಂದ ಕಲ್ಲು ಅವರ ಮೊಣಕಾಲಿನ ಕೆಳಗೆ ಬಡಿದು ಮೂಳೆ ಎರಡು ತುಂಡಾಯಿತು. ಕೆಂಪಮ್ಮ ಮಾದೇವನ ಒಡಹುಟ್ಟಿದ ಅಕ್ಕ. ತಾಯಿ ಇಲ್ಲದ ಅವನನ್ನು ಕಂಕುಳಲ್ಲಿ ಹೊತ್ತು ಸಾಕಿದವರು.

ಆಸ್ಪತ್ರೆಯಲ್ಲಿ ಮಂಚದ ಪಕ್ಕ ಮಾದೇವನ ಹೆಂಡತಿ ಅಳುತ್ತಾ ನಿಂತಿದ್ದಳು. "ಸೈರನ್ ಕೇಳ್ತು ಅಂತ ಒಂದು ಮಾತು ಏಳ್ಬುಡಿ ಅತ್ಗಮ್ಮ. ನಿಮ್ಮ ತಮ್ಮುನ್ನ ಜೈಲಿಗೆ ಆಕ್ತಾರೆ."

"ಕೇಳ್ದೆ ಇದ್ದುದ್ನ ಕೇಳ್ತು ಅನ್ನನೇನಮ್ಮಿ?" ಎಂದರು ಕೆಂಪಮ್ಮ. "ಕಾಲು ಓಗದೆ. ಮಾತೂ ಓಗ್ಬೇಕಾ?"

ನಾನು ಕೇಳಿದೆ: "ಏನೂ ಕೇಳಿಸಲಿಲ್ವೇನಮ್ಮ?"

"ಇಲ್ಲ ಕಣಪ್ಪ. ಅವನು ಊದ್ನಿಲ್ಲ. ಒಂದು ಎಲೆ ಅಲ್ಗಾಡ್ನಿಲ್ಲ, ಒಂದು ಸದ್ದು ಬರ್ನಿಲ್ಲ. ಎಲ್ಲೋ ಮೂಟೆ ಬಿದ್ದಂಗೆ ದಡ್ ಅಂತು. ತಿರುಗಿ ನೋಡೋ ಒತ್ಗೆ ಬಿದ್ದಿದ್ದೆ."

ಇಲ್ಲಿಯೇ ಕಾಗೆಗಳು ಬರುತ್ತವೆ, ನನ್ನ ನೆನಪು ಸರಿ ಇದ್ದರೆ. "ಅದುಕ್ಕೂ ಒಂಚೂರು ಮುಂಚೆ ಮರುದ್ ಮೇಲಿನ್ ಕಾಗೆಗೋಳು ಎಲ್ಲಾವೂ ಒಂದೇ ಕಿತ ಎದ್ದೋದೊ. ಯಾಕೆ ಅಂತ ನಾನು ಅಂದ್ಕಂಡೆ." ಗೋಡೆಯ ಕಡೆ ತಿರುಗಿ ಹೇಳಿದರು. ಅಥವಾ ಹೇಳಲಿಲ್ಲ.

ಮಾದೇವ ಠಾಣೆಯ ಜಗಲಿಯ ಮೇಲೆ ಕೂತಿದ್ದ. ಮೂವತ್ತು ದಾಟಿದ ಗಟ್ಟಿ ಆಳು. ನನ್ನನ್ನು ನೋಡಿ ಎದ್ದು ನಿಂತ.

"ಮೂರು ಕಿತ ತಿರುಗ್ಸ್ದೆ ಸಾ. ಕೈ ಇನ್ನೂ ನೋಯ್ತದೆ. ನಮ್ಮಕ್ಕ ಅಲ್ಲಿ ಅವಳೆ ಅಂತ ಗೊತ್ತಿದ್ರೆ ಮದ್ದು ಆಕ್ತಿದ್ನಾ?"

"ನಿಮ್ಮಕ್ಕ ಕೇಳಿಸಲಿಲ್ಲ ಅಂತಾರಲ್ಲ."

"ಅವಳು ಸುಳ್ಳು ಏಳಕ್ಕಿಲ್ಲ ಸಾ." ನೋಯುವ ಕೈಯನ್ನು ಉಜ್ಜಿಕೊಂಡ. "ಕೂಗ್ನ ಗಾಳಿ ಎತ್ಕಂಡೋಗದೆ."

"ಯಾವ ಗಾಳಿ?"

"ಉಣ್ಸೆಮರುದ್ ಗಾಳಿ ಸಾ. ಮಟಮಟ ಮದ್ಯಾನುದಲ್ಲಿ ಅಲ್ಲಿ ಓಡಾಡ್ತದೆ. ನಮ್ಮ ಅಟ್ಟಿಲಿ ಎಲ್ರಿಗೂ ಗೊತ್ತು."

ನಮ್ಮ ಕಡೆ ಗಾಳಿ ಎಂದರೆ ಬೀಸುವುದೂ ಹೌದು, ಮೆಟ್ಟಿಕೊಳ್ಳುವುದೂ ಹೌದು. ಅವನು ಹೇಳಿದ್ದು ಎರಡನೆಯದನ್ನು. ಅದರಲ್ಲಿ ಅನುಮಾನವಿರಲಿಲ್ಲ.

ಅವನ ಹೇಳಿಕೆಯನ್ನು ಹಾಗೆಯೇ ಬರೆದು ಸಾಹೇಬರ ಮುಂದೆ ಇಟ್ಟೆ. ಅವರು ನಿವೃತ್ತಿಗೆ ಹತ್ತಿರವಿದ್ದವರು, ಯಾವುದನ್ನೂ ಒಂದೇ ಸಲಕ್ಕೆ ನಂಬುತ್ತಿರಲಿಲ್ಲ. ಅದು ಅವರಿಂದ ನಾನು ಕಲಿತ ಒಳ್ಳೆಯ ಗುಣ.

"ಏನ್ರೀ ಇದು? ಎಲೆ ಅಲುಗಾಡಲಿಲ್ಲ ಅಂತ ಆಯಮ್ಮ ಹೇಳಿದ್ದಾಳೆ. ಬೀಸದ ಗಾಳಿ ಹೇಗೆ ಎತ್ತಿಕೊಂಡು ಹೋಗುತ್ತೆ? ಅಂದ್ರೆ ದೆವ್ವ. ದೆವ್ವದ ವರದಿ ಬರೆಯೋಕೆ ನಿಮಗೆ ಎಂಎಸ್ಸಿ ಯಾಕೆ ಬೇಕಿತ್ತು?"

"ಅವನು ಹೇಳಿದ್ದು ದೆವ್ವವನ್ನೇ ಸರ್. ಆದರೆ ವಾಕ್ಯ ಸರಿ ಇರಬಹುದು."

ಪೆನ್ಸಿಲ್ ತೆಗೆದು ಜೋಡೆತ್ತಿನ ಗಾಡಿ ಬರೆದು ತೋರಿಸಿದೆ. ಹೊಳೆಯ ಮೇಲೆ ಆದದ್ದರ ತಿರುಗುಮುರುಗು ಇಲ್ಲಿ. ಮಧ್ಯಾಹ್ನ ಹಾಸುಬಂಡೆ ಕಾದ ಹಂಚಿನಂತಿರುತ್ತದೆ. ಅದಕ್ಕೆ ತಾಗಿದ ಗಾಳಿ ಸುಡುತ್ತದೆ, ಆಳೆತ್ತರದ ಮೇಲಿನದು ಅಷ್ಟು ಸುಡುವುದಿಲ್ಲ. ಕೆಳಗಿನ ಎತ್ತು ಬಿರುಸು, ಮೇಲಿನ ಎತ್ತು ನಿಧಾನ. ಗಾಡಿ ಮೇಲಕ್ಕೆ ತಿರುಗುತ್ತದೆ. ಗಾಳಿ ಬೀಸದಿದ್ದರೂ ಗಾಳಿಯೇ ಕೂಗನ್ನು ಎತ್ತಿಕೊಂಡು ಹೋಗುತ್ತದೆ. ನೆಲದ ಮೇಲೆ ದೂರದಲ್ಲಿ ಕೂತವರಿಗೆ ಕೂಗು ತಲೆಯ ಮೇಲಿಂದ ದಾಟಿಬಿಡುತ್ತದೆ. ಮರದ ಮೇಲಿದ್ದ ಕಾಗೆಗೆ ಕೇಳಿಸಿರಬಹುದು.

ಸಾಹೇಬರು ಕನ್ನಡಕ ತೆಗೆದರು. "ಕಾಗೆಗೂ ಸಮನ್ಸ್ ಕಳಿಸೋಣ್ವಾ?"

ಆದರೆ ಮರುದಿನ ಜೀಪು ಹತ್ತಿದವರಲ್ಲಿ ಅವರೇ ಮೊದಲಿಗರು.

ಹುಣಸೆಮರದ ಕೆಳಗೆ ನಾವು ಮೂರು ಜನ ನಿಂತೆವು: ಸಾಹೇಬರು, ನಾನು, ನಾಗರಾಜು. ಬಂಡೆಯ ಆ ತುದಿಯಲ್ಲಿ ಅದೇ ಜಾಗದಲ್ಲಿ ಅದೇ ಸೈರನ್ ಇಟ್ಟುಕೊಂಡು ಮಾದೇವ, ಅವನ ಪಕ್ಕ ಒಬ್ಬ ಪೊಲೀಸಿನವನು. ಬಂಡೆಯ ಮೇಲೆ ಬಿಸಿಲುಗುದುರೆ ಹರಿಯುತ್ತಿತ್ತು. ಮಾದೇವ ಸೊಂಟದವರೆಗೆ ನೀರಿನಲ್ಲಿ ನಿಂತ ಹಾಗೆ ಕಾಣುತ್ತಿದ್ದ. ಅವನ ತಲೆ ಒಮ್ಮೆ ದೇಹದಿಂದ ಬಿಟ್ಟುಕೊಂಡು ಮೇಲೇರುತ್ತಿತ್ತು, ಮತ್ತೆ ಬಂದು ಕೂರುತ್ತಿತ್ತು. ನಾನು ಕೆಂಪು ಬಟ್ಟೆ ಎತ್ತಿದೆ.

ದೂರದರ್ಶಕದಲ್ಲಿ ಅವನ ಬಲಗೈ ತಿರುಗತೊಡಗಿದ್ದು ಕಂಡಿತು. ಭುಜವೆಲ್ಲ ಸೇರಿಸಿ ತಿರುಗಿಸುತ್ತಿದ್ದ. ಪಕ್ಕದ ಪೊಲೀಸಿನವನು ಎರಡೂ ಕಿವಿ ಮುಚ್ಚಿಕೊಂಡ.

ನಮಗೆ ಏನೂ ಕೇಳಿಸಲಿಲ್ಲ.

ಏನೂ ಇಲ್ಲ ಎಂದು ಪ್ರಮಾಣ ಮಾಡಲಾರೆ. ಉಸಿರು ಹಿಡಿದು ಕೇಳಿದರೆ ಸಾಯುತ್ತಿರುವ ನೊಣದ ರೆಕ್ಕೆಯ ಸದ್ದಿನಂಥದ್ದೇನೋ ಇದ್ದ ಹಾಗಿತ್ತು. ಅದು ಬಂಡೆಯದೋ, ನನ್ನ ರಕ್ತದ್ದೋ. ಕಣ್ಣೆದುರಿಗೆ ಒಬ್ಬ ಮನುಷ್ಯ ಪ್ರಾಣ ಹೋಗುವ ಹಾಗೆ ಎಚ್ಚರಿಕೆ ಕೊಡುತ್ತಿದ್ದಾನೆ, ಬಾಯಿ ಅಗಲಿಸಿ ಏನೋ ಕೂಗುತ್ತಲೂ ಇದ್ದಾನೆ, ಅವನ ಸುತ್ತ ಗಾಜಿನ ಗೋಡೆ ಕಟ್ಟಿದ ಹಾಗೆ. ಕಾರಣ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ಕಾರಣ ಗೊತ್ತಿರುವುದು ಅಂಥ ಹೊತ್ತಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

"ತಿರುಗಿಸ್ತಿದ್ದಾನೋ, ನಾಟಕ ಆಡ್ತಿದ್ದಾನೋ?" ಎಂದರು ಸಾಹೇಬರು.

ನಾಗರಾಜುವಿಗೆ ಮರ ಹತ್ತಲು ಹೇಳಿದೆ. ಅವನು ಲುಂಗಿಯ ಹಾಗೆ ಪ್ಯಾಂಟನ್ನು ಮೇಲೆತ್ತಿಕೊಂಡು ಗೊಣಗುತ್ತಾ ಹತ್ತಿದ. ಕೊಂಬೆ ಅಲುಗಾಡಿ ಅಲ್ಲಿದ್ದ ಕಾಗೆಗಳು ಅವನಿಗೇ ಬೆದರಿ ಹಾರಿಹೋದವು. ಇದು ಮುಖ್ಯ. ಕಾಗೆಗಳ ಪರೀಕ್ಷೆ ಅಂದು ನಡೆಯಲೇ ಇಲ್ಲ.

ಮತ್ತೆ ಬಟ್ಟೆ ಎತ್ತಿದೆ. ಮಾದೇವನ ಕೈ ತಿರುಗಿತು. ಕೆಳಗೆ ಮೌನ. ಮೇಲಿನಿಂದ ನಾಗರಾಜುವಿನ ದನಿ ಬಂತು.

"ಕೇಳ್ತದೆ ಸಾ."

"ಏನು ಕೇಳುತ್ತೆ?"

"ಸೈರನ್ನು ಸಾ. ಇಲ್ಲೇ ಕಿವಿ ತಾವೇ ಕೂಗ್ತದೆ. ನಿಮಗೆ ಕೇಳಕ್ಕಿಲ್ವಾ?"

ಸಾಹೇಬರು ಮರದ ಕಡೆ ನೋಡಿದರು, ಬಂಡೆಯ ಕಡೆ ನೋಡಿದರು. "ಇಳಿಯೋಕೆ ಹೇಳಿ ಅವನಿಗೆ," ಎಂದು ಜೀಪಿಗೆ ಹೋಗಿ ಕೂತರು. ನಂಜನಗೂಡು ಬಂದಾಗ ಹೇಳಿದರು: "ಬರೀರಿ. ದೆವ್ವ ಅನ್ನೋ ಪದ ಎಲ್ಲೂ ಬರಬಾರದು. ಗಾಳಿ ಅಂತಲೇ ಬರೀರಿ."

ಮಾದೇವನ ಪರವಾನಗಿ ಉಳಿಯಿತು, ಜೈಲೂ ತಪ್ಪಿತು. ಆ ಗಣಿಯಲ್ಲಿ ಮದ್ದು ಸಿಡಿಸುವುದನ್ನು ಸಂಜೆಗೆ ಹಾಕಿಸಿದೆವು. ಸೈರನ್ನನ್ನು ನೆಲದಿಂದ ಎತ್ತಿ ಎತ್ತರದ ಕಂಬಕ್ಕೆ ಏರಿಸಿದೆವು. ಬರುವ ಹಾದಿಗಳಲ್ಲೆಲ್ಲ ಸೀಟಿ, ಕೆಂಪು ಬಾವುಟ ಕೊಟ್ಟು ಆಳು ನಿಲ್ಲಿಸುವ ಕಟ್ಟಳೆ ಮಾಡಿದೆವು. ಈಗ ಇಲಾಖೆಗೆ ಬರುವವರಿಗೆ ಇದೆಲ್ಲ ಮೊದಲಿನಿಂದಲೂ ಇತ್ತೆನ್ನಿಸಬಹುದು. ಇರಲಿಲ್ಲ.

ಕೆಂಪಮ್ಮ ಮಾತ್ರ ನನ್ನ ವರದಿಯನ್ನು ಒಪ್ಪಲಿಲ್ಲ. ಪರೀಕ್ಷೆ ನಡೆದಾಗ ಅವರು ಆಸ್ಪತ್ರೆಯಲ್ಲಿದ್ದರು. ಯಾರೋ ವಿವರಿಸಿದಾಗ, "ಸರ್ಕಾರ್ದೋರು ಏನು ಬೇಕಾರೂ ಬರ್ಕತಾರೆ. ನನ್ನ ಕಿವಿ ನನ್ನ ತಾವೇ ಇತ್ತು," ಎಂದರಂತೆ. ಕಾಲು ಕೂಡಿಕೊಂಡಿತು, ಗಿಡ್ಡಾಗಿ. ತಮ್ಮನ ಮನೆಗೆ ಹಬ್ಬಕ್ಕೆ ಹೋಗುತ್ತಿದ್ದರು, ಅವನು ಬಡಿಸಿದ್ದನ್ನು ಉಣ್ಣುತ್ತಿದ್ದರು. ಆದರೆ 'ಊದ್ನಿಲ್ಲ' ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಕ್ಕ ಸುಳ್ಳು ಹೇಳುವವಳಲ್ಲ ಎಂದು ತಾನೇ ಠಾಣೆಯಲ್ಲಿ ಹೇಳಿದ್ದವನಿಗೆ ಆ ಮಾತಿನ ಕೆಳಗೇ ಬದುಕಬೇಕಾಯಿತು.

ನಿವೃತ್ತನಾದ ಮೇಲೆ, ಎರಡು ಸಾವಿರದ ದಶಕದ ಕೊನೆಯಲ್ಲಿ, ಹುಲ್ಲಹಳ್ಳಿಯಲ್ಲಿ ನೆಲೆಸಿದ್ದ ನಾಗರಾಜುವನ್ನು ನೋಡಲು ಹೋದೆ. ಹಳೆಯದೆಲ್ಲ ಮಾತಿಗೆ ಬಂತು. ಆಗಲೇ ಅವನು ಆ ಗೋಡೆ ಹಳದಿ ಎಂದದ್ದು, ಕೆಂಪಮ್ಮ ಕಾಗೆಯ ಮಾತು ಎತ್ತಲಿಲ್ಲ ಎಂದದ್ದು. "ನಾನು ಮರ ಅತ್ತಿದಾಗ ಕಾಗೆ ಆರ್ದೊವಲ್ಲ ಸಾ, ಅದುನ್ನೇ ನೀವು ಆಯಮ್ಮುನ್ ಬಾಯಿಗೆ ಆಕ್ಕಂಡಿದ್ದೀರಿ."

"ನೀನು ಮರ ಹತ್ತುವ ಮೊದಲೇ ನಾನು ಸಾಹೇಬರ ಹತ್ತಿರ ಹೇಳಿದ್ದೆನಲ್ಲೋ. ಕಾಗೆಗೆ ಸಮನ್ಸ್ ಅಂತ ತಮಾಷೆ ಮಾಡಿದರು."

"ಆ ತಮಾಷೆ ವರದಿ ಕೊಟ್ಟ ಮೇಲೆ ಮಾಡುದ್ದು ಸಾ."

ಸಾಹೇಬರು ತೀರಿಕೊಂಡಿದ್ದರು. ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಕವಲಂದೆ ಬಸ್ಸು ಹತ್ತಿ ಮಾದೇವನ ಮನೆಗೆ ಹೋಗಿ ಕೇಳಿದೆ. ಅವನು ನಗಲಿಲ್ಲ. "ಕಾಗೆ ವಿಚಾರ ಏಳಿದ್ದು ನಾನಲ್ವಾ ಸಾ? ಸೈರನ್ ತಿರುಗುಸ್ತಾ ಆ ಕಡೆ ನೋಡಿದೆ, ಮರದಿಂದ ಎದ್ದೊ."

ಈಗ ಮೂರು ನೆನಪುಗಳಾದವು. ಮೂರನ್ನೂ ಹೊತ್ತವರು ಪ್ರಾಮಾಣಿಕರು.

ಯಾರು ಹೇಳಿದರೆಂದು ಇನ್ನು ತಿಳಿಯುವಂತಿರಲಿಲ್ಲ. ಹೇಳಿದ್ದು ಆಗಬಹುದಾದದ್ದೋ ಅಲ್ಲವೋ ಎಂದು ಮಾತ್ರ ನೋಡಬಹುದಿತ್ತು. ಗಣಿ ನಿಂತು ವರ್ಷಗಳಾಗಿ ಹೊಂಡದಲ್ಲಿ ನೀರು ತುಂಬಿತ್ತು. ಸೈರನ್ ಮಾದೇವನ ಅಟ್ಟದ ಮೇಲಿತ್ತು. ಅವನು ಅದಕ್ಕೆ ಎಣ್ಣೆ ಬಿಡುತ್ತಿರುವಾಗ ಕೆಂಪಮ್ಮ ಕೋಲೂರಿಕೊಂಡು ಬಂದರು. ಕೂದಲು ಪೂರ್ತಿ ಬಿಳಿಯಾಗಿತ್ತು. ಅಂದು ಕಾಗೆಯ ಮಾತು ಹೇಳಿದ್ದು ಅವರೇನಾ ಎಂದು ಕೇಳಿದರೆ, 'ಆಸ್ಪತ್ರೆಲಿ ಏನೇನ್ ಅಂದ್ನೋ ಗ್ಯಾನ ಇಲ್ಲ' ಎಂದರು.

"ನಾನೂ ಬತ್ತೀನಿ," ಎಂದರು.

"ಆ ಬಿಸ್ಲಲ್ಲಿ ಬ್ಯಾಡ ಕಣಕ್ಕ," ಎಂದ ಮಾದೇವ.

"ನೀನು ಊದು. ನಾನು ಎಲ್ಲಿ ನಿಂತ್ಕಬೇಕು ಅಂತ ನಂಗೊತ್ತು."

ನಡುಮಧ್ಯಾಹ್ನ. ಬೇಸಗೆಯೇ. ಎಲೆ ಅಲುಗಾಡುತ್ತಿರಲಿಲ್ಲ. ಕೆಂಪಮ್ಮ ಹುಣಸೆಮರದ ನೆರಳಿನ ಅಂಚಿಗೆ ಬಂದು ಒಂದು ಕ್ಷಣ ತಡೆದು, ಆಮೇಲೆ ಒಳಗೆ ಬಂದು ಬೇರಿನ ಮೇಲೆ ಕೂತರು. ಮೇಲೆ ಕಾಗೆಗಳಿದ್ದವು. ಅಂದಿನ ಕಾಗೆಗಳಲ್ಲ. ಇವು ಎಂದೂ ಸೈರನ್ ಕೇಳಿರಲಿಕ್ಕಿಲ್ಲ. ದೂರದಲ್ಲಿ ಮಾದೇವ ಮತ್ತೆ ಸೊಂಟದವರೆಗೆ ಇಲ್ಲದ ನೀರಿನಲ್ಲಿ ನಿಂತಿದ್ದ.

ಮೊದಲು ಅವನು ಬರಿದೇ ಕೈ ಬೀಸಬೇಕು, ಸೈರನ್ ಮುಟ್ಟಬಾರದು ಎಂದು ಹೇಳಿಟ್ಟಿದ್ದೆ. ಬೀಸಿದ. ಕಾಗೆಗಳು ಕದಲಲಿಲ್ಲ.

ಆಮೇಲೆ ಅವನು ಬಗ್ಗಿದ. ಭುಜ ತಿರುಗತೊಡಗಿತು.

ನಮ್ಮ ಸುತ್ತ ಅದೇ ಮೌನ. ಕೆಂಪಮ್ಮ ಕಿವಿಗೆ ಕೈ ಕೊಟ್ಟು ಕೇಳುತ್ತಿದ್ದರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಗ ತಲೆಯ ಮೇಲೆ ಕೊಂಬೆಗಳು ಒಮ್ಮೆಲೇ ಖಾಲಿಯಾದವು. ನೆಲದ ಮೇಲಿನ ನೆರಳು ಚೂರುಚೂರಾಗಿ ಹರಡಿ ಹೊರಟುಹೋಯಿತು.

ಅವರು ಮೇಲೆ ನೋಡಿದರು. ಆಮೇಲೆ ಬಂಡೆಯ ಆಚೆಗೆ, ಸದ್ದಿಲ್ಲದೆ ಕೈ ತಿರುಗಿಸುತ್ತಿದ್ದ ತಮ್ಮನ ಕಡೆ ತುಂಬ ಹೊತ್ತು ನೋಡಿದರು.

"ಊದ್ತಾವ್ನೆ," ಎಂದರು.

ಅವರು ಹೀಗೆಂದರು ಎಂಬುದು ನನ್ನ ನೆನಪು, ಅದನ್ನು ಸಾಕ್ಷಿಯಾಗಿ ಎಣಿಸುವುದಿಲ್ಲ. ಕಾಗೆಗಳು ಬಂದು ಕೂರುವವರೆಗೆ ಕಾದು, ಮತ್ತೊಮ್ಮೆ ಕೆಂಪು ಬಟ್ಟೆ ಎತ್ತಿದೆ. ಮಾದೇವ ತಿರುಗಿಸಿದ. ಕೆಳಗೆ ಏನೂ ಕೇಳಿಸಲಿಲ್ಲ. ಕಾಗೆಗಳು ಎದ್ದವು.